ಸುಲ್ತಾನರ ಕನಸುಗಳಲ್ಲಿ ಕಂಡ ದಂಡು, ಕೋಟೆ, ಗುಡಿ



ಕನಸಿನಲ್ಲಿ ಏನು ಕಂಡಿರಿ ಎಂದು ಕೇಳುವುದು ನಮ್ಮಲ್ಲಿ ರೂಢಿ. ಹಾವು ಕಂಡಿತೆ, ಹಲ್ಲು ಬಿದ್ದಿತೆ, ತೀರಿಕೊಂಡವರು ಬಂದಿದ್ದರೆ ಏನು ಹೇಳಿದರು ಎಂದು ಮನೆಯ ಹಿರಿಯರು ವಿಚಾರಿಸುತ್ತಾರೆ. ಅದೆಲ್ಲ ಎಲ್ಲಿ ನಡೆಯಿತು ಎಂದು ಕೇಳುವವರು ಕಡಿಮೆ. ತುಸು ನೆನಪು ಮಾಡಿಕೊಂಡು ನೋಡಿರಿ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಬೆಳೆದು ಈಗ ನವನಗರದಲ್ಲಿ ಮನೆ ಕಟ್ಟಿಕೊಂಡವರ ಕನಸು ಎಷ್ಟೋ ಸಲ ಇನ್ನೂ ಆ ಓಣಿಯ ಮನೆಯಲ್ಲಿಯೇ ನಡೆಯುತ್ತಿರುತ್ತದೆ. ದುಡಿಯಲು ಕೊಲ್ಲಿ ದೇಶಗಳಿಗೆ ಹೋದವರು ರಾತ್ರಿಯಾದರೆ ಊರಿನ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಪರೀಕ್ಷೆ ಮುಗಿದು ಇಪ್ಪತ್ತು ವರ್ಷವಾದರೂ ಪರೀಕ್ಷೆಯ ಕೊಠಡಿ ಬಿಡುವುದಿಲ್ಲ. ಶಿಕ್ಷಕರಾದ ನಮಗೂ ಅದೇ ಕೊಠಡಿ ಬರುತ್ತದೆ. ಅಲ್ಲಿ ನಾವು ಮೇಲ್ವಿಚಾರಕರಾಗಿರುವುದಿಲ್ಲ, ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬೆವರುತ್ತ ಕುಳಿತಿರುತ್ತೇವೆ!

ಒಂದೇ ಸ್ಥಳ ಮತ್ತೆ ಮತ್ತೆ ಕನಸಿಗೆ ಬರುವ ಈ ಸಂಗತಿಯನ್ನು ವಿಜ್ಞಾನಿಗಳೂ ಗಮನಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಲ್ವಿನ್ ಹಾಲ್ ಜನರಿಂದ ಸಾವಿರಾರು ಕನಸುಗಳನ್ನು ಸಂಗ್ರಹಿಸಿ, ಅವು ಎಲ್ಲಿ ನಡೆಯುತ್ತವೆ ಎಂಬುದನ್ನೂ ಎಣಿಸಿದರು. 1951ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಸ್ಥಳ ಮನೆ. ಅದರ ನಂತರ ವಾಹನಗಳು. ದಿನದ ಬಹುಪಾಲನ್ನು ನುಂಗುವ ಕಚೇರಿ, ಕಾರ್ಖಾನೆಗಳು ಕನಸಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಮುಂದೆ 1971ರಲ್ಲಿ ಜಾನ್ ಓಕೀಫ್ ಎಂಬ ವಿಜ್ಞಾನಿ ಇಲಿಯ ಮಿದುಳಿನಲ್ಲಿ ಆಯಾ ಸ್ಥಳವನ್ನು ಗುರುತಿಟ್ಟುಕೊಳ್ಳುವ ಜೀವಕೋಶಗಳಿವೆ ಎಂದು ತೋರಿಸಿದರು. 2014ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಹಗಲು ಓಡಾಡಿದ ಜಾಗದ ಜೀವಕೋಶಗಳು ನಿದ್ದೆಯಲ್ಲಿ ಮತ್ತೆ ಚುರುಕಾಗುತ್ತವೆ ಎಂಬುದನ್ನು ವಿಲ್ಸನ್ ಮತ್ತು ಮೆಕ್‌ನಾಟನ್ 1994ರಲ್ಲಿ ಕಂಡುಹಿಡಿದರು. ಇಲಿಯೂ ರಾತ್ರಿ ತಾನು ಓಡಿದ ಹಾದಿಯನ್ನು ಮತ್ತೊಮ್ಮೆ ಸುತ್ತಿ ಬರುತ್ತದೆ ಎಂದು ಬೇಕಾದರೆ ಹೇಳಬಹುದು.

ಇನ್ನು ನಮ್ಮ ಪರಂಪರೆಯಲ್ಲಿ ಕನಸಿಗೆ ಹಿಂದಿನಿಂದಲೂ ಒಂದು ಸ್ಥಾನವಿದೆ. ಸೂರಃ ಯೂಸುಫಿನಲ್ಲಿ ಬರುವ ಏಳು ಕೊಬ್ಬಿದ ಹಸುಗಳ, ಏಳು ಬಡಕಲು ಹಸುಗಳ ಕನಸನ್ನು ಮಕ್ಕಳೂ ಬಲ್ಲರು. ಅಲ್ಲಾಹನ ಕಡೆಯಿಂದ ಬರುವುದು, ಶೈತಾನನಿಂದ ಬರುವುದು, ಮನಸ್ಸು ತನ್ನಷ್ಟಕ್ಕೆ ತಾನೇ ಆಡಿಕೊಳ್ಳುವುದು ಎಂದು ಕನಸುಗಳಲ್ಲಿ ಮೂರು ಬಗೆಯನ್ನು ಹದೀಸ್ ಹೇಳುತ್ತದೆ. ಬಸ್ರಾದ ಇಬ್ನ್ ಸೀರೀನರ ಹೆಸರಿನಲ್ಲಿ ಉರ್ದುವಿನ ಎಷ್ಟೋ ತಾಬೀರ್‌ನಾಮೆಗಳು ಚಲಾವಣೆಯಲ್ಲಿವೆ. ನಾನು ಈ ಲೇಖನದಲ್ಲಿ ಯಾರ ಕನಸಿಗೂ ತಾಬೀರ್ ಹೇಳಲು ಹೊರಟಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಬೇಕಾದ ಪ್ರಶ್ನೆ ಬೇರೆ ಇದೆ: ಸತ್ತು ಇನ್ನೂರು ವರ್ಷವಾದ ಮನುಷ್ಯನೊಬ್ಬನ ಕನಸಿನ ಸ್ಥಳಗಳು ನಮಗೆ ತಿಳಿದರೆ, ಅದರಿಂದ ಆತನ ಕಾಲದ ಬಗ್ಗೆ ಏನಾದರೂ ಗೊತ್ತಾಗುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕರ್ನಾಟಕದ ಒಬ್ಬ ದೊರೆ ತಮ್ಮ ಕನಸುಗಳನ್ನು ಸ್ವಂತ ಕೈಯಿಂದ, ಪಾರಸಿ ಭಾಷೆಯಲ್ಲಿ, ತಾರೀಖು ಹಾಕಿ ಬರೆದಿಟ್ಟಿದ್ದಾರೆ. ಅವರೇ ಹಜರತ್ ಟಿಪ್ಪು ಸುಲ್ತಾನರು. ಅವರ ‘ಖ್ವಾಬ್‌ನಾಮಾ’ದಲ್ಲಿ 37 ಕನಸುಗಳಿವೆ. ಬರವಣಿಗೆ 1785ರ ಸುಮಾರಿಗೆ ಆರಂಭವಾಗಿ ಅವರ ಕೊನೆಯ ವರ್ಷಗಳವರೆಗೆ ಸಾಗಿದೆ. ತಾರೀಖುಗಳು ಮಾತ್ರ ಓದುಗರನ್ನು ತುಸು ಕಾಡಿಸುತ್ತವೆ. ಸುಲ್ತಾನರು ತಮ್ಮದೇ ಒಂದು ಪಂಚಾಂಗ ಮಾಡಿಕೊಂಡಿದ್ದರು. ಅಧಿಕ ಮಾಸವನ್ನು ಸೇರಿಸುವ ನಮ್ಮ ನಾಡಿನ ಪದ್ಧತಿಯನ್ನು ಹಾಗೆಯೇ ಉಳಿಸಿಕೊಂಡು, ತಿಂಗಳುಗಳಿಗೂ ಅರವತ್ತು ಸಂವತ್ಸರಗಳಿಗೂ ಹೊಸ ಹೆಸರು ಕೊಟ್ಟಿದ್ದರು. ಒಂದು ಕನಸು ನಮ್ಮ ಲೆಕ್ಕದಲ್ಲಿ ಯಾವ ದಿನದ್ದು ಎಂದು ತಿಳಿಯಬೇಕಾದರೆ ಮೊದಲು ಆ ಪಂಚಾಂಗವನ್ನು ಬಿಡಿಸಬೇಕು.

ಕೆಲವು ಕನಸುಗಳಿಗೆ ತಾರೀಖಿನ ಜೊತೆಗೆ ತಾವು ಆ ರಾತ್ರಿ ಎಲ್ಲಿ ತಂಗಿದ್ದೆವು ಎಂಬುದನ್ನೂ ಬರೆದಿದ್ದಾರೆ. ಮಲಗಿದ ಸ್ಥಳ ಒಂದು, ಕನಸಿನ ಸ್ಥಳ ಇನ್ನೊಂದು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಸುಲ್ತಾನರ ಕನಸುಗಳಲ್ಲಿ ಕೆಲವೇ ಬಗೆಯ ಸ್ಥಳಗಳು ತಿರುಗಿ ತಿರುಗಿ ಬರುತ್ತವೆ, ಮತ್ತು ಒಂದೊಂದು ಬಗೆಯ ಸ್ಥಳದಲ್ಲಿ ಒಂದೊಂದು ಬಗೆಯ ಕಥೆ ನಡೆಯುತ್ತದೆ.

ಮೊದಲನೆಯದು ದಂಡಿನ ಬಿಡಾರ. ಇದರ ಒಳ್ಳೆಯ ಉದಾಹರಣೆ ನಮ್ಮ ಭಾಗದಲ್ಲಿಯೇ ಇರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1785ರಲ್ಲಿ ಸುಲ್ತಾನರ ಸೇನೆ ನರಗುಂದ ಮತ್ತು ಕಿತ್ತೂರುಗಳನ್ನು ಹಿಡಿಯಿತು. ಅದರಿಂದ ಮರಾಠರೊಡನೆ ಯುದ್ಧ ಬೆಳೆಯಿತು. ಹೈದರಾಬಾದಿನ ನಿಜಾಮರು ಮರಾಠರ ಪಕ್ಷ ವಹಿಸಿದರು. ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನರು ಸುಲ್ತಾನರ ಬೀಗರು. ಎರಡೂ ಮನೆತನಗಳ ನಡುವೆ ಹೆಣ್ಣು ಕೊಟ್ಟು ತಂದ ಸಂಬಂಧವಿತ್ತು. ಆದರೂ ಅವರು ಮರಾಠರ ಕಡೆ ಸೇರಿದರು. 1786ರ ಮಳೆಗಾಲದಲ್ಲಿ, ತುಂಗಭದ್ರೆ ತುಂಬಿ ಹರಿಯುತ್ತಿದ್ದಾಗ ಯಾರೂ ದಾಟಲಾರರು ಎಂದು ಮರಾಠರು ನೆಚ್ಚಿಕೊಂಡಿದ್ದ ಹೊಳೆಯನ್ನು ಸುಲ್ತಾನರು ದಾಟಿ ಬಂದರು. ಎದುರಿಗೆ ಹರಿಪಂತ ಫಡ್ಕೆಯ ದೊಡ್ಡ ಸೇನೆ. ಸವಣೂರಿನ ಬಳಿ, ದೇವಗಿರಿಯ ಸಮೀಪದಲ್ಲಿ, ರಾತ್ರಿ ದಾಳಿಯ ಸಿದ್ಧತೆ ನಡೆದಿದ್ದಾಗ ಈ ಕನಸು ಬಿತ್ತೆಂದು ಖ್ವಾಬ್‌ನಾಮಾ ಹೇಳುತ್ತದೆ. ಸವಣೂರನ್ನು ಅದು ‘ಶಾಹನೂರು’ ಎಂದು ಕರೆಯುತ್ತದೆ. ಹಾವೇರಿಯ ಪಕ್ಕದಲ್ಲಿ ದೇವಗಿರಿ ಎಂಬ ಊರು ಈಗಲೂ ಇದೆ; ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಹೋಗುವವರು ಹಾವೇರಿಯ ಹತ್ತಿರ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿರಿ, ಆ ಬಯಲು ಕಣ್ಣಿಗೆ ಬೀಳುತ್ತದೆ.

ಕನಸು ಹೀಗಿದೆ. ಗುರುತಿಲ್ಲದ ಒಬ್ಬ ಚೆಲುವ ಯುವಕ ಬಂದು ಸುಲ್ತಾನರ ಬಳಿ ಕುಳಿತ. ಹೆಣ್ಣುಮಕ್ಕಳೊಡನೆ ಆಡುವ ಹಾಗೆ ಅವರು ಅವನೊಡನೆ ತಮಾಷೆಯ ಮಾತನ್ನಾಡಿದರು. ಆಡಿದ ಮೇಲೆ, ಯಾರೊಡನೆಯೂ ಹೀಗೆ ಹಾಸ್ಯ ಮಾಡುವುದು ನನ್ನ ಸ್ವಭಾವವಲ್ಲವಲ್ಲ ಎಂದು ಕನಸಿನಲ್ಲಿಯೇ ತಮಗೆ ತಾವೇ ಅಂದುಕೊಂಡರು. ಆ ಯುವಕ ಎದ್ದು ನಾಲ್ಕು ಹೆಜ್ಜೆ ನಡೆದು, ಹಿಂದಿರುಗಿ ಬಂದು, ಪಾಗು ಬಿಚ್ಚಿ ಕೂದಲನ್ನು ಹರವಿದ. ನೋಡಿದರೆ ಆತ ಗಂಡುಡುಗೆ ತೊಟ್ಟ ಹೆಣ್ಣು! ನನ್ನ ಊಹೆ ನಿಜವಾಯಿತು ಎಂದು ಸುಲ್ತಾನರು ಹೇಳುತ್ತಿರುವಾಗಲೇ ಬೆಳಗಾಯಿತು, ಎಚ್ಚರವಾಯಿತು. ಮರಾಠರು ಗಂಡುಡುಗೆ ತೊಟ್ಟಿದ್ದಾರೆ, ಆದರೆ ಹೆಂಗಸರಂತೆ ಓಡುತ್ತಾರೆ ಎಂದು ಅವರು ಜೊತೆಯವರಿಗೆ ತಾಬೀರ್ ಹೇಳಿದರು. ಮರುದಿನಗಳಲ್ಲಿ ಇನ್ನೂರು ಮುನ್ನೂರು ಜನರೊಡನೆ ಫಡ್ಕೆಯ ಡೇರೆಯವರೆಗೆ ನುಗ್ಗಿದ್ದನ್ನು ಕನಸಿನ ಕೆಳಗೆಯೇ ಬರೆದಿದ್ದಾರೆ.

ನಮ್ಮ ವಿದ್ಯಾರ್ಥಿನಿಯರು ಈ ತಾಬೀರನ್ನು ಓದಿ ಮೂಗು ಮುರಿದರೆ ತಪ್ಪಿಲ್ಲ. ಇದೇ ಸೀಮೆಯ ಕಿತ್ತೂರಿನಲ್ಲಿ 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಸೇನೆಯ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ. ಅವನ ಗೋರಿ ಧಾರವಾಡದಲ್ಲಿದೆ. ಹೆಂಗಸರು ಓಡುತ್ತಾರೆ ಎಂಬ ಮಾತಿಗೆ ಅಷ್ಟು ಉತ್ತರ ಸಾಕು.

ಈಗ ಇದೇ ಬಗೆಯ ಇನ್ನೊಂದು ಕನಸು ನೋಡೋಣ. ಸ್ಥಳ ದಕ್ಷಿಣದ ಕಾಡು. ತಿರುವಾಂಕೂರಿನ ದೊರೆಯ ಮೇಲಿನ ದಂಡಯಾತ್ರೆಯ ಕಾಲದಲ್ಲಿ, ಸುಲ್ತಾನರು ಸಲಾಮಾಬಾದ್ ಎಂದು ಕರೆಯುತ್ತಿದ್ದ ಸತ್ಯಮಂಗಲದ ಸಮೀಪದಲ್ಲಿ ಇದು ಬಿತ್ತು. ಕನಸಿನಲ್ಲಿ ಸೇನೆ ಕಾಡುಗಳನ್ನು ದಾಟಿ ಬಂದು ಬಿಡಾರ ಹೂಡಿದೆ. ಬಿಡಾರದ ಹತ್ತಿರ ಕರುವಿನೊಡನೆ ನಿಂತ ಒಂದು ಹಸು. ಆದರೆ ಅದರ ಮುಖ, ಹಲ್ಲು, ರೂಪವೆಲ್ಲ ದೊಡ್ಡ ಪಟ್ಟೆಹುಲಿಯ ಹಾಗೆ. ಕೆಲವರನ್ನು ಜೊತೆಗೆ ಕರೆದುಕೊಂಡು ಅದನ್ನು ಹೊಡೆಯಲು ಅವರು ಮುಂದಾಗುತ್ತಾರೆ. ಇಂಗ್ಲಿಷರು ಹುಲಿಯ ರೂಪ ತೊಟ್ಟ ಹಸುಗಳು ಎಂಬುದು ಇದರ ತಾಬೀರ್. ಹುಲಿಯನ್ನು ತಮ್ಮ ಲಾಂಛನ ಮಾಡಿಕೊಂಡು, ಸೈನಿಕರ ಉಡುಪಿಗೂ ತೋಪಿನ ಬಾಯಿಗೂ ಹುಲಿಯ ಗುರುತು ಹಾಕಿಸಿದ ದೊರೆಗೆ ಹುಲಿಯ ವೇಷ ಹಾಕಿದ ಹಸು ಕಂಡದ್ದು ವಿಶೇಷವೇ ಸರಿ.

ದೇವಗಿರಿಯ ಬಯಲು, ಸತ್ಯಮಂಗಲದ ಕಾಡು. ಎರಡೂ ಕಡೆ ಯುದ್ಧದ ಹೊಸ್ತಿಲಿನಲ್ಲಿರುವ ಬಿಡಾರ, ಎರಡೂ ಕಡೆ ವೇಷ ಹಾಕಿಕೊಂಡು ಬಂದ ಶತ್ರು. ಹೊರಗೆ ಕಾಣುವಷ್ಟು ಬಲಿಷ್ಠನಲ್ಲದ ಶತ್ರು. ಹಗಲು ಸೇನಾಪತಿ ಯಾರೆದುರಿಗೂ ಬಾಯಿ ಬಿಟ್ಟು ಹೇಳಲಾಗದ ಭಯವನ್ನು ರಾತ್ರಿಯ ಬಿಡಾರ ಹೇಳಿಬಿಡುತ್ತಿತ್ತು ಎಂದು ನನಗೆ ತೋರುತ್ತದೆ. ಎದುರಾಳಿಗಳು ನಿಜಕ್ಕೂ ದುರ್ಬಲರೆಂದು ಅವರಿಗೆ ಖಾತ್ರಿಯಿದ್ದಿದ್ದರೆ ಹೀಗೆ ಕನಸು ಕಾಣುವ ಪ್ರಮೇಯವೇ ಇರಲಿಲ್ಲ.

ಎರಡನೆಯ ಬಗೆಯ ಸ್ಥಳ ಅವರು ಕುಳಿತಿರುವ ಜಾಗ. ದರ್ಬಾರೋ, ಮಹಲೋ, ಅದರ ವಿವರ ಹೆಚ್ಚಾಗಿ ಬರುವುದಿಲ್ಲ. ಅಲ್ಲಿ ನಡೆಯುವುದು ಒಂದೇ: ದೂರದಿಂದ ಯಾರೋ ಬರುತ್ತಾರೆ, ಏನನ್ನೋ ತರುತ್ತಾರೆ. ಚೀನಾದ ಚಕ್ರವರ್ತಿಯ ಕಡೆಯವರು ಬಿಳಿಯ ಆನೆ ಮತ್ತು ಕುದುರೆಗಳನ್ನು ಕಾಣಿಕೆಯಾಗಿ ತರುತ್ತಾರೆ. ಹಿಂದೆ ಸಿಕಂದರನಿಗೆ ಮಾತ್ರ ಚೀನಾದಿಂದ ಬಿಳಿಯಾನೆ ಬಂದಿತ್ತು ಎಂದು ಸುಲ್ತಾನರು ನೆನೆಯುತ್ತಾರೆ. ಬೆಳ್ಳಿಯ ಮೂರು ತಟ್ಟೆಗಳಲ್ಲಿ ರಸ ತುಂಬಿದ, ಒಂದೊಂದೂ ಗೇಣುದ್ದದ ತಾಜಾ ಖರ್ಜೂರ ಬರುತ್ತದೆ. ಮೂವರು ಶತ್ರುಗಳ ರಾಜ್ಯ ಕೈಸೇರುತ್ತದೆಂದು ಅದಕ್ಕೆ ತಾಬೀರ್. ಶೀರಾಜಿನ ಮಹಾಕವಿ ಶೇಖ್ ಸಾದಿಯವರೇ ಒಮ್ಮೆ ಬಂದು ಕುಳಿತಿದ್ದಾರೆ. ಮರಾಠರ ವಕೀಲನೊಬ್ಬ ಬಂದು, ಇಂಗ್ಲಿಷರು ಯುರೋಪಿನಲ್ಲಿ ಸೋತರು, ಇನ್ನು ಬಂಗಾಳವನ್ನು ತಾವಾಗಿಯೇ ಬಿಟ್ಟು ಹೋಗುತ್ತಾರೆ ಎಂದು ಸುದ್ದಿ ಹೇಳುತ್ತಾನೆ. ಆ ಕಾಲದಲ್ಲಿ ವಕೀಲನೆಂದರೆ ರಾಯಭಾರಿ, ಕೋರ್ಟಿನ ಕರಿಕೋಟಿನವನಲ್ಲ.

ಇದನ್ನು ಅವರ ಹಗಲಿನ ಬದುಕಿನೊಡನೆ ಹೋಲಿಸಿ ನೋಡಿರಿ. ಹಗಲಿನಲ್ಲಿ ರಾಯಭಾರಿಗಳನ್ನು ಕಳುಹಿಸುತ್ತಿದ್ದವರು ಸುಲ್ತಾನರೇ. 1786ರ ಮಾರ್ಚ್ ತಿಂಗಳಲ್ಲಿ ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ಅವರ ಹಡಗುಗಳು ತುರ್ಕಿಯ ಖಲೀಫರ ಕಡೆಗೆ ಹೊರಟವು. ಗುಲಾಮ್ ಅಲಿ ಖಾನರ ಮುಂದಾಳುತನದ ಆ ತಂಡದಲ್ಲಿ ಸುಮಾರು ಒಂಬತ್ತು ನೂರು ಜನರಿದ್ದರು. ಬಿರುಗಾಳಿ, ಬೆಂಕಿ, ಪ್ಲೇಗು ಇವುಗಳ ನಡುವೆ ಸಿಕ್ಕು, ತಿರುಗಿ ಊರು ಸೇರಿದವರು ಬೆರಳೆಣಿಕೆಯಷ್ಟು. ಸೈನ್ಯದ ನೆರವೂ ದೊರೆಯಲಿಲ್ಲ. 1788ರ ಆಗಸ್ಟಿನಲ್ಲಿ ಮೂವರು ರಾಯಭಾರಿಗಳು ಫ್ರಾನ್ಸಿನ ಹದಿನಾರನೆಯ ಲೂಯಿಯನ್ನು ವರ್ಸೇಲ್ಸ್ ಅರಮನೆಯಲ್ಲಿ ಕಂಡರು. ಮರ್ಯಾದೆ ದೊರೆಯಿತು, ಸೇನೆ ದೊರೆಯಲಿಲ್ಲ. ಮರುವರ್ಷವೇ ಅಲ್ಲಿ ಮಹಾಕ್ರಾಂತಿ. ಕಾಬೂಲಿನ ಜಮಾನ್ ಶಾಹನಿಗೂ ಪತ್ರ ಹೋಯಿತು. ಮಸ್ಕತ್ತಿನಲ್ಲಿದ್ದ ತಮ್ಮ ಏಜೆಂಟರಿಗೆ ರೇಷ್ಮೆಹುಳು ಕಳುಹಿಸಿರೆಂದು ಬರೆದರು. ಹಗಲೆಲ್ಲ ಕೈಚಾಚಿ ಕರೆದವರು ಬರಲಿಲ್ಲ, ಕರೆಯದ ಚೀನಾದವರು ರಾತ್ರಿ ಆನೆಯೊಡನೆ ಬಂದರು! ಕಾಯುತ್ತ ಕುಳಿತವರ ಕನಸು ಹೀಗೆಯೇ ಇರುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ನಾವು ದೊರೆಗಳಾಗಬೇಕಿಲ್ಲ, ನೌಕರಿಯ ಅರ್ಜಿ ಹಾಕಿ ಕಾಯುತ್ತಿರುವ ಪದವೀಧರನಾದರೂ ಸಾಕು.

ಮೂರನೆಯದು ಬೆಟ್ಟ, ಕೋಟೆ ಮತ್ತು ಔಲಿಯಾಗಳ ಸನ್ನಿಧಿ. ಒಂದು ಕನಸಿನಲ್ಲಿ ಪ್ರವಾದಿವರ್ಯರು(ಸ) ಸುಲ್ತಾನರಿಗೆ ಹಸಿರು ದಸ್ತಾರ್ ಕೊಟ್ಟು ತಲೆಗೆ ಸುತ್ತಿಕೊಳ್ಳಲು ಹೇಳುತ್ತಾರೆ. ಆಮೇಲೆ ಹಜರತ್ ಬಂದೇನವಾಜರು ಒಂದು ದಸ್ತಾರ್ ಕೊಡುತ್ತಾರೆ. ಮೂರನೆಯದನ್ನು ಹಜರತ್ ಅಹ್ಮದ್ ಎಂಬ ಬುಜುರ್ಗರು ಕೊಡುತ್ತಾರೆ. ನಂತರ ಬೆಟ್ಟದ ತುದಿಯಲ್ಲಿ ಒಂದು ಸೊಗಸಾದ ಕೋಟೆ ಕಾಣುತ್ತದೆ; ಅದನ್ನು ಸುತ್ತಿ ನೋಡುತ್ತಿರುವಾಗ ಎಚ್ಚರವಾಗುತ್ತದೆ. ತಮಗೆ ದೊಡ್ಡ ರಾಜ್ಯವೇ ದೊರೆಯಿತು ಎಂಬುದು ಅವರು ಬರೆದುಕೊಂಡ ತಾಬೀರ್.

ಬಂದೇನವಾಜ್ ಗೇಸೂದರಾಜರೆಂದರೆ ನಮ್ಮ ಕಲಬುರಗಿಯವರು, 1422ರಲ್ಲಿ ತೀರಿಕೊಂಡವರು. ಸುಲ್ತಾನರ ಕನಸಿಗೆ ಅವರು ಬಂದದ್ದು ಆಕಸ್ಮಿಕವಲ್ಲ. ಹೈದರಲಿಯವರ ಪೂರ್ವಜ ವಲೀ ಮುಹಮ್ಮದ್ ಎಂಬವರು ದೆಹಲಿಯ ಕಡೆಯಿಂದ ಕಲಬುರಗಿಗೆ ಬಂದು ನೆಲೆಸಿದರೆಂದೂ, ಅವರ ಮಗ ಆ ದರ್ಗಾದ ಸೇವಕರ ಮನೆಯ ಹೆಣ್ಣನ್ನು ಮದುವೆಯಾದರೆಂದೂ ಇತಿಹಾಸಕಾರ ಕಿರ್ಮಾನಿ ಬರೆದಿದ್ದಾರೆ. ಆ ಲೆಕ್ಕದಲ್ಲಿ ಕಲಬುರಗಿ ಅವರಿಗೆ ಹಿರಿಯರ ಊರು. ಆದರೆ ಸುಲ್ತಾನರ ಕಾಲದಲ್ಲಿ ಆ ಊರು ಅವರ ರಾಜ್ಯದಲ್ಲಿರಲಿಲ್ಲ, ನಿಜಾಮರ ಅಧೀನದಲ್ಲಿತ್ತು. ಹಿರಿಯರ ಮನೆ ಕನಸಿಗೆ ಬರುತ್ತದೆ, ಅದೂ ತಿರುಗಿ ಹೋಗಲಾರದ ಮನೆ ಹೆಚ್ಚಾಗಿ ಬರುತ್ತದೆ ಎಂದು ಮೊದಲೇ ಮಾತಾಡಿಕೊಂಡೆವಲ್ಲ. ದೊರೆಗಳಿಗೂ ಅದು ತಪ್ಪಿದ್ದಲ್ಲ.

ಬೆಟ್ಟದ ಕೋಟೆಗಳ ವಿಷಯ ಬೇರೆ. ಮೈಸೂರು ರಾಜ್ಯದ ಭದ್ರತೆ ನಿಂತಿದ್ದೇ ಅವುಗಳ ಮೇಲೆ. ಆದರೆ 1791ರ ಅಕ್ಟೋಬರಿನಲ್ಲಿ ನಂದಿದುರ್ಗವೂ ಡಿಸೆಂಬರಿನಲ್ಲಿ ಸಾವನದುರ್ಗವೂ ಕಾರ್ನ್‌ವಾಲಿಸನ ಸೇನೆಗೆ ಸಿಕ್ಕವು. ಬಯಲಿನಲ್ಲಿದ್ದರೂ ನಮ್ಮ ಧಾರವಾಡದ ಕೋಟೆ ಬಹಳ ದಿನ ತಡೆಯಿತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1790ರ ಸೆಪ್ಟೆಂಬರಿನಿಂದ 1791ರ ಏಪ್ರಿಲಿನವರೆಗೆ ಕಿಲ್ಲೇದಾರ ಬದ್ರುಜ್ಜಮಾನ್ ಖಾನರು ಪರಶುರಾಮ ಭಾವೂ ಪಟವರ್ಧನನ ಮರಾಠಾ ಸೇನೆಯನ್ನೂ ಅದರ ಜೊತೆಗಿದ್ದ ಕಂಪನಿಯ ಮುಂಬಯಿ ತುಕಡಿಯನ್ನೂ ಹೊರಗೇ ನಿಲ್ಲಿಸಿದ್ದರು. ಇಂಗ್ಲಿಷರ ಕರ್ನಲ್ ಫ್ರೆಡೆರಿಕ್ ಮುತ್ತಿಗೆಯ ನಡುವೆಯೇ ತೀರಿಕೊಂಡ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಸೀಮೆ ಸುಲ್ತಾನರ ಕೈತಪ್ಪಿ ಮರಾಠರಿಗೆ ಹೋಯಿತು.

ನಾಲ್ಕನೆಯದೊಂದು ಸ್ಥಳವಿದೆ. ಅದು ಈ ಮೂರೂ ಗುಂಪುಗಳಿಗೆ ಸೇರುವುದಿಲ್ಲ, ಅದಕ್ಕೇ ನನಗೆ ಅದು ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಒಂದು ದೊಡ್ಡ ದೇವಾಲಯ, ಹಿಂಭಾಗ ಸ್ವಲ್ಪ ಶಿಥಿಲವಾಗಿದೆ. ಸುಲ್ತಾನರು ಕೆಲವರೊಡನೆ ಒಳಗೆ ಹೋಗುತ್ತಾರೆ. ಒಳಗೆ ದೊಡ್ಡ ದೊಡ್ಡ ಮೂರ್ತಿಗಳು. ಅವುಗಳ ಕಣ್ಣುಗಳು ಜೀವಂತ ಮನುಷ್ಯರ ಕಣ್ಣಿನಂತೆ ಚಲಿಸುತ್ತಿವೆ. ಆಶ್ಚರ್ಯಪಟ್ಟು ಹತ್ತಿರ ಹೋಗುತ್ತಾರೆ. ಕೊನೆಯ ಸಾಲಿನಲ್ಲಿ ಎರಡು ಸ್ತ್ರೀಮೂರ್ತಿಗಳು. ಅವರಲ್ಲಿ ಒಬ್ಬಳು ಸೀರೆ ಸರಿಪಡಿಸಿಕೊಂಡು, ತಾವಿಬ್ಬರು ಹೆಂಗಸರು, ತಾವು ಬಹುಕಾಲದಿಂದ ದೇವರ ಧ್ಯಾನದಲ್ಲಿದ್ದೇವೆ ಎಂದು ಮಾತನಾಡುತ್ತಾಳೆ. ಒಳ್ಳೆಯದು, ದೇವರ ಸ್ಮರಣೆಯಲ್ಲಿಯೇ ಇರಿ ಎಂದು ಸುಲ್ತಾನರು ಹೇಳುತ್ತಾರೆ. ಬಿದ್ದ ಕಟ್ಟಡವನ್ನು ದುರಸ್ತಿ ಮಾಡಿಸಿರೆಂದು ತಮ್ಮ ಜನರಿಗೆ ಅಪ್ಪಣೆ ಕೊಡುತ್ತಾರೆ. ಅಷ್ಟರಲ್ಲಿ ಎಚ್ಚರವಾಗುತ್ತದೆ. ಇಲ್ಲಿ ಶತ್ರುವಿಲ್ಲ, ಕಾಣಿಕೆಯಿಲ್ಲ, ರಾಜ್ಯಲಾಭದ ಮಾತಿಲ್ಲ. ತಾಬೀರ್ ಕೂಡ ಬರೆದಿಲ್ಲ.

ಹಗಲಿನ ಇತಿಹಾಸದಲ್ಲಿಯೂ ಇದಕ್ಕೆ ಹೋಲುವ ಒಂದು ಸಂಗತಿ ಇದೆ. 1791ರಲ್ಲಿ ಪಟವರ್ಧನರ ಮರಾಠಾ ಸೇನೆಯ ಕುದುರೆಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಶಾರದೆಯ ಮೂರ್ತಿಯನ್ನು ಮತ್ತೆ ಪ್ರತಿಷ್ಠಾಪಿಸಲು ಸುಲ್ತಾನರು ಹಣ ಒದಗಿಸಿದರು. ಅಲ್ಲಿನ ಸ್ವಾಮಿಗಳಿಗೆ ಅವರು ಕನ್ನಡದಲ್ಲಿ ಬರೆಸಿದ ಪತ್ರಗಳನ್ನು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಆ ಕನಸಿಗೂ ಈ ಘಟನೆಗೂ ನೇರವಾಗಿ ಗಂಟು ಹಾಕಬಾರದು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಬಹುದು, ಅಷ್ಟೇ.

ಇಲ್ಲಿ ನನ್ನ ವಿದ್ಯಾರ್ಥಿ ಮ��ತ್ರರಿಗೆ ಒಂದು ಮಾತು. ಗುಡಿಯ ಈ ಕನಸನ್ನು ಮಾತ್ರ ಆರಿಸಿಕೊಂಡು ಭಾಷಣ ಮಾಡುವುದು ಸುಲಭ. ಆದರೆ ಅದೇ ಖ್ವಾಬ್‌ನಾಮಾದಲ್ಲಿ ಹುಲಿರೂಪದ ಹಸುವಿನ ಕನಸಿಗೆ ಮುಂಚೆ, ಆ ರಾತ್ರಿಯ ಪ್ರಾರ್ಥನೆಯಲ್ಲಿ, ಶತ್ರುಸೀಮೆಯ ಗುಡ್ಡಗಾಡಿನ ಜನರೆಲ್ಲ ಇಸ್ಲಾಮಿಗೆ ಬರುವಂತಾಗಲಿ ಎಂದು ಬೇಡಿಕೊಂಡದ್ದನ್ನೂ ಸುಲ್ತಾನರು ಬರೆದಿದ್ದಾರೆ. ಕೊಡಗು ಮತ್ತು ಮಲಬಾರಿನ ಜನ ಆ ದಂಡಯಾತ್ರೆಗಳನ್ನು ಇಂದಿಗೂ ನೋವಿನಿಂದ ನೆನೆಯುತ್ತಾರೆ. ಅದನ್ನು ಮುಚ್ಚಿಟ್ಟರೆ ನಾವು ಇತಿಹಾಸ ಓದಿದಂತಾಗುವುದಿಲ್ಲ. 2015ರಲ್ಲಿ ಸರ್ಕಾರಿ ಟಿಪ್ಪು ಜಯಂತಿ ಆರಂಭವಾದಾಗಲೂ 2019ರಲ್ಲಿ ಅದು ರದ್ದಾದಾಗಲೂ ಎರಡೂ ಕಡೆಯವರ ಕೈಯಲ್ಲಿ ಇಂಥ ಬಿಡಿ ಹಾಳೆಗಳೇ ಇದ್ದವು.

ಬಿಡಿ ಹಾಳೆಗಳನ್ನು ಆರಿಸಿಕೊಳ್ಳುವ ಈ ಅಭ್ಯಾಸ ಇಂದಿನದಲ್ಲ, ಖ್ವಾಬ್‌ನಾಮಾ ಸಿಕ್ಕ ದಿನದಿಂದಲೇ ಬಂದದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಬರವಣಿಗೆಯ ಮೇಜಿನಲ್ಲಿ, ಗುಟ್ಟಿನ ಕಾಗದಗಳ ನಡುವೆ, ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿಗೆ ಇದು ಸಿಕ್ಕಿತು. 1800ರಲ್ಲಿ ಅಲೆಕ್ಸಾಂಡರ್ ಬೀಟ್ಸನ್ ಅದನ್ನು ಲಂಡನ್ನಿನಲ್ಲಿ ಕಂಪನಿಯ ನಿರ್ದೇಶಕರಿಗೆ ಒಪ್ಪಿಸಿದ. ಯುದ್ಧದ ಬಗ್ಗೆ ತಾನು ಬರೆದ ಪುಸ್ತಕದಲ್ಲಿ ಕೆಲವೇ ಕೆಲವು ಕನಸುಗಳ ಅನುವಾದ ಸೇರಿಸಿ, ಈ ಮನುಷ್ಯ ನಿದ್ದೆಯಲ್ಲಿಯೂ ಯುದ್ಧ ಮತ್ತು ನಾಶವನ್ನೇ ನೆನೆಯುತ್ತಿದ್ದ ಎಂಬ ಅರ್ಥದ ಟಿಪ್ಪಣಿ ಬರೆದ. ಗೆದ್ದವರಿಗೆ ಬೇಕಾಗಿದ್ದುದು ಅಷ್ಟೇ. ಪೂರ್ತಿ 37 ಕನಸುಗಳ ಇಂಗ್ಲಿಷ್ ಅನುವಾದ ಬರಲು 1957ರವರೆಗೆ ಕಾಯಬೇಕಾಯಿತು. ಕರಾಚಿಯಿಂದ ಅದನ್ನು ಪ್ರಕಟಿಸಿದವರು ಡಾ. ಮಹಮೂದ್ ಹುಸೇನ್, ನಮ್ಮ ರಾಷ್ಟ್ರಪತಿಗಳಾಗಿದ್ದ ಡಾ. ಜಾಕಿರ್ ಹುಸೇನರ ತಮ್ಮ. ಆಸ್ಟ್ರೇಲಿಯಾದ ಕೇಟ್ ಬ್ರಿಟಲ್‌ಬ್ಯಾಂಕ್ ಎಂಬ ಇತಿಹಾಸಕಾರ್ತಿ ಈಚೆಗೆ ಈ ಕನಸುಗಳನ್ನು ಇಸ್ಲಾಮೀ ಕನಸಿನ ಪರಂಪರೆಯ ಹಿನ್ನೆಲೆಯಲ್ಲಿ ಓದಿ ಬರೆದಿದ್ದಾರೆ.

ಕನಸುಗಳನ್ನು ಹೀಗೆ ಒಟ್ಟಾಗಿ ಓದಿದರೆ ಒಂದು ಕಾಲದ ಒಳಗುಟ್ಟು ತಿಳಿಯುತ್ತದೆ ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆಯೂ ಇದೆ. ಹಿಟ್ಲರನ ಆಳ್ವಿಕೆಯಲ್ಲಿ ಶಾರ್ಲೋಟೆ ಬೆರಾಟ್ ಎಂಬ ಪತ್ರಕರ್ತೆ ಬರ್ಲಿನ್ನಿನ ಸಾಮಾನ್ಯ ಜನರ ಕನಸುಗಳನ್ನು ಗುಟ್ಟಾಗಿ ಬರೆದಿಟ್ಟುಕೊಂಡು 1966ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಬ್ಬ ವೈದ್ಯ, ತನ್ನ ಮನೆಯ ಗೋಡೆಗಳೇ ಮಾಯವಾದಂತೆ ಕನಸು ಕಂಡಿದ್ದ. ಸರ್ಕಾರ ಮನೆಯೊಳಗೆ ಇಣುಕುತ್ತಿದ್ದ ದಿನಗಳಲ್ಲಿ ಎಲ್ಲಕ್ಕಿಂತ ಪರಿಚಿತವಾದ ಸ್ಥಳವಾದ ಮನೆಯೇ ಹೀಗೆ ಬದಲಾಗಿತ್ತು.

ನಮ್ಮ ಧಾರವಾಡಕ್ಕೂ ಖ್ವಾಬ್‌ನಾಮಾಕ್ಕೂ ಇನ್ನೊಂದು ನಂಟಿದೆ. ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಭಾರತದ ಸ್ವಾತಂತ್ರ್ಯದ ಐವತ್ತನೆಯ ವರ್ಷವಾದ 1997ಕ್ಕಾಗಿ ಬಿಬಿಸಿ ರೇಡಿಯೋಗೆ ಇಂಗ್ಲಿಷಿನಲ್ಲಿ ಬರೆದ ನಾಟಕಕ್ಕೆ ಆಧಾರ ಇದೇ. ಕನ್ನಡದಲ್ಲಿ ಅದು ‘ಟಿಪ್ಪುವಿನ ಕನಸುಗಳು’. ಅದನ್ನು ರಂಗದ ಮೇಲೆ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿರಿ.

ಮೂಲ ಹಸ್ತಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಬಗ್ಗೆ ಬೀಟ್ಸನ್ ಬರೆದ ಟಿಪ್ಪಣಿಯಲ್ಲಿ ಇನ್ನೊಂದು ವಿವರವೂ ಇದೆ. ಪುಸ್ತಕ ಸಿಕ್ಕಾಗ ಸುಲ್ತಾನರ ಆಪ್ತ ಮುನ್ಷಿ ಹಬೀಬುಲ್ಲಾ ಅಲ್ಲಿಯೇ ಇದ್ದರು. ಇಂಥದೊಂದು ಪುಸ್ತಕ ಇದೆಯೆಂದು ಅವರಿಗೆ ಗೊತ್ತಿತ್ತು, ಆದರೆ ಎಂದೂ ನೋಡಿರಲಿಲ್ಲ. ಸುಲ್ತಾನರು ಅದನ್ನು ಓದುತ್ತಲೋ ಬರೆಯುತ್ತಲೋ ಇದ್ದಾಗ ಯಾರಾದರೂ ಹತ್ತಿರ ಬಂದರೆ ಮುಚ್ಚಿಟ್ಟುಬಿಡುತ್ತಿದ್ದರಂತೆ. ಅಂದು ಹಬೀಬುಲ್ಲಾ ಅದನ್ನು ಮೊದಲ ಬಾರಿಗೆ ನೋಡಿದ್ದು ಕರ್ಕ್‌ಪ್ಯಾಟ್ರಿಕ್‌ನ ಕೈಯಲ್ಲಿ.